ಆಜೀವ ನಿಷೇಧ ಯಾರಿಗೆ?

(ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ಕ್ರೀಡಾಪಟುವನ್ನು ಆಜೀವ ಹೊರಗಿಡಬೇಕೇ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಹೌದು ಎಂದುಬಿಡುವುದು ಸುಲಭ. ದೇಶದ ಸ್ಥಿತಿಯನ್ನು ನೋಡಿದರೆ ಆ ಸಿಟ್ಟು ಅಕಾರಣವೂ ಅಲ್ಲ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, 2024ರಲ್ಲಿ ಸಂಗ್ರಹಿಸಿದ 7,113 ಮಾದರಿಗಳ ಪೈಕಿ 260ರಲ್ಲಿ ನಿಷಿದ್ಧ ವಸ್ತು ಪತ್ತೆಯಾಯಿತು. ಆದರೂ ಮೊದಲ ತಪ್ಪಿಗೇ ಆಜೀವ ನಿಷೇಧ ಸಲ್ಲದು, ಅದು ಮದ್ದು ಕೊಟ್ಟವರಿಗೂ ಶಿಕ್ಷೆಯಾದ ಮೇಲೂ ತಿದ್ದಿಕೊಳ್ಳದವರಿಗೂ ಮೀಸಲಾಗಿರಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ನಮ್ಮ ಕರಾವಳಿಯ ಪ್ರಕರಣಗಳಿಂದಲೇ ಹೇಳಬಯಸುತ್ತೇನೆ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ಹೆಸರು ನಿಮಗೆಲ್ಲ ನೆನಪಿರಬಹುದು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಪಡೆದರು. ಕನ್ನಡಿಗರು ಹೆಮ್ಮೆಪಟ್ಟ ಆ ಸಂಭ್ರಮ ಒಂದು ವರ್ಷವೂ ಉಳಿಯಲಿಲ್ಲ. 2011ರಲ್ಲಿ ಅವರೂ ಸೇರಿದಂತೆ ಆರು ಓಟಗಾರ್ತಿಯರು ಮೆಥಾಂಡಿನೋನ್ ಎಂಬ ಸ್ಟೀರಾಯ್ಡ್ ಪ್ರಕರಣದಲ್ಲಿ ಸಿಲುಕಿದರು.

ಚೀನಾದಿಂದ ತಂದ ಜಿನ್ಸೆಂಗ್ ಪೂರಕವನ್ನು ತಮಗೆ ಕೊಟ್ಟವರು ವಿದೇಶೀ ತರಬೇತುದಾರರು ಎಂಬುದು ಓಟಗಾರ್ತಿಯರ ವಾದವಾಗಿತ್ತು. ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ನಾಡಾದ ಶಿಸ್ತು ಸಮಿತಿಯು 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಸ್ವಿಟ್ಜರ್ಲೆಂಡಿನ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು 2012ರ ಜುಲೈಯಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಏನು ಸೇರುತ್ತದೆಂಬುದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ಕ್ರೀಡಾ ಕಾನೂನಿನ ತಳಹದಿ. ಆ ನಿಯಮ ಕಠಿಣವಾದರೂ ಅಗತ್ಯ. ಅದಿಲ್ಲದಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಒಂದೇ ಮಾತಿನಿಂದ ಎಲ್ಲರೂ ಪಾರಾಗುತ್ತಾರೆ. ಆದರೆ ಹೊಣೆಗಾರಿಕೆ ಬೇರೆ, ಶಿಕ್ಷೆಯ ಪ್ರಮಾಣ ಬೇರೆ. ಶಿಬಿರದ ತರಬೇತುದಾರ ಕೊಟ್ಟದ್ದನ್ನು ಪರೀಕ್ಷಿಸದೆ ಸೇವಿಸುವುದು ತಪ್ಪೇ. ಗೊತ್ತಿದ್ದೂ ವರ್ಷಗಟ್ಟಲೆ ಚುಚ್ಚುಮದ್ದು ತೆಗೆದುಕೊಳ್ಳುವುದೂ ತಪ್ಪೇ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನ್ಯಾಯ ಎನ್ನಲಾಗದು.

ಇದು ನನ್ನ ವೃತ್ತಿಯವರಿಗೆ ಹೊಸ ಮಾತಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯು ದುರ್ನಡತೆಗೆ ಛೀಮಾರಿ, ನಿರ್ದಿಷ್ಟ ಅವಧಿಗೆ ಹೆಸರು ತೆಗೆಯುವುದು, ಶಾಶ್ವತವಾಗಿ ತೆಗೆಯುವುದು ಎಂಬ ಮೆಟ್ಟಿಲುಗಳನ್ನಿಟ್ಟಿದೆ. ಇದೇ ನಗರದಲ್ಲಿ 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಹಗರಣ ಹೊರಬಿದ್ದಾಗ, ಸುಳ್ಳು ಲೆಕ್ಕವನ್ನು ಯಾರು ಬರೆದರು ಎಂಬಲ್ಲಿಗೇ ಯಾರೂ ನಿಲ್ಲಲಿಲ್ಲ. ಯಾರು ಬರೆಸಿದರು, ಯಾರು ಸಹಿ ಹಾಕಿದರು ಎಂದೂ ಕೇಳಿದರು. 2015ರಲ್ಲಿ ವಿಚಾರಣಾ ನ್ಯಾಯಾಲಯವು ಸ್ಥಾಪಕರು, ಲೆಕ್ಕಪರಿಶೋಧಕರು, ನೌಕರರು ಸೇರಿದಂತೆ ಹತ್ತು ಮಂದಿಯನ್ನು ದೋಷಿಗಳೆಂದಿತು. ಮೇಲ್ಮನವಿಯ ಮಾತು ಬೇರೆ. ಕ್ರೀಡೆಯಲ್ಲಿ ಮಾತ್ರ ನಾವು ಮೂತ್ರದ ಮಾದರಿ ಕೊಟ್ಟವರ ಹೆಸರನ್ನಷ್ಟೇ ಬರೆದು ಕಡತ ಮುಚ್ಚುತ್ತೇವೆ.

ಪ್ರತಿಪಕ್ಷದ ವಾದವನ್ನು ಹಗುರವಾಗಿ ಕಾಣಲಾರೆ. 2011ರ ಆ ಆರು ಮಂದಿಯಲ್ಲಿ ಮಂದೀಪ್ ಕೌರ್ ಮತ್ತು ಪ್ರಿಯಾಂಕಾ ಪನ್ವಾರ್ ನಿಷೇಧ ಮುಗಿಸಿ ಮರಳಿ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ರಿಲೇ ತಂಡದಲ್ಲಿದ್ದರು. ಆದರೆ ಪನ್ವಾರ್ 2016ರಲ್ಲಿ ಇನ್ನೊಂದು ಮದ್ದಿನ ಪ್ರಕರಣದಲ್ಲಿ ಸಿಕ್ಕಿ ಎಂಟು ವರ್ಷಗಳ ನಿಷೇಧಕ್ಕೆ ಒಳಗಾದರು. ಮೊದಲೇ ಆಜೀವ ನಿಷೇಧ ವಿಧಿಸಿದ್ದರೆ ಎರಡನೆಯದು ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಎರಡನೆಯ ತಪ್ಪಿಗೆ ಎಂಟು ವರ್ಷ ವಿಧಿಸುವ ಮೆಟ್ಟಿಲು ಇದ್ದೇ ಇತ್ತು, ಅದು ಕೆಲಸವನ್ನೂ ಮಾಡಿತು. ಒಬ್ಬರ ಎರಡನೆಯ ತಪ್ಪಿಗಾಗಿ ಉಳಿದ ಐವರ ಬಾಗಿಲನ್ನೂ ಶಾಶ್ವತವಾಗಿ ಮುಚ್ಚಬೇಕಿತ್ತೇ?

ಮೋಸಕ್ಕೆ ಒಳಗಾದವರ ನೋವು ಇನ್ನೂ ದೊಡ್ಡದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಬಹ್ರೇನ್ ಮೊದಲಾಯಿತು, ಭಾರತಕ್ಕೆ ಬೆಳ್ಳಿ ಬಂತು. ಬಹ್ರೇನಿನ ಓಟಗಾರ್ತಿಯೊಬ್ಬರು ಮದ್ದಿನ ಪ್ರಕರಣದಲ್ಲಿ ನಿಷೇಧಕ್ಕೊಳಗಾದ ಮೇಲೆ, 2020ರಲ್ಲಿ, ನಮ್ಮವರಿಗೆ ಚಿನ್ನ ಸಂದಿತು. ಆದರೆ ತುಂಬಿದ ಕ್ರೀಡಾಂಗಣದಲ್ಲಿ ರಾಷ್ಟ್ರಗೀತೆ ಕೇಳುವ ಗಳಿಗೆ ಮರಳಿ ಬಾರದು. ಆ ತಂಡದಲ್ಲಿದ್ದವರು ಮಂಗಳೂರಿನ ಎಂ. ಆರ್. ಪೂವಮ್ಮ. ಅವರದೇ ಮಾದರಿಯಲ್ಲಿ 2021ರಲ್ಲಿ ಮಿಥೈಲ್‌ಹೆಕ್ಸಾನಮೈನ್ ಎಂಬ ಉತ್ತೇಜಕ ಪತ್ತೆಯಾಯಿತು. ಶಿಸ್ತು ಸಮಿತಿ ಮೂರು ತಿಂಗಳ ನಿಷೇಧ ವಿಧಿಸಿದರೆ, ಮೇಲ್ಮನವಿ ಸಮಿತಿ 2022ರಲ್ಲಿ ಎರಡು ವರ್ಷ ಎಂದಿತು. ಒಂದೇ ಸಾಕ್ಷ್ಯ, ಎಂಟು ಪಟ್ಟು ಅಂತರದ ಎರಡು ತೀರ್ಪು. ಕಲಿತವರ ವಿವೇಚನೆಯೇ ಇಷ್ಟು ತೂಗಾಡುವಲ್ಲಿ, ಹಿಂದೆಗೆಯಲಾಗದ ಶಿಕ್ಷೆಯನ್ನು ಮೊದಲ ತಪ್ಪಿಗೇ ಇಡುವುದು ಅಪಾಯಕರ. ಮೇಲಾಗಿ, ಖುಲಾಸೆ ಇಲ್ಲವೇ ಆಜೀವ ನಿಷೇಧ ಎಂಬ ಎರಡೇ ದಾರಿಗಳಿದ್ದರೆ, ಕೈನಡುಗಿದ ಸಮಿತಿಗಳು ಖುಲಾಸೆಯ ಕಡೆಗೇ ವಾಲುವ ಸಂಭವವಿದೆ.

ಕಾನೂನೂ ಇದನ್ನೇ ಹೇಳುತ್ತದೆ. ಬ್ರಿಟಿಷ್ ಒಲಿಂಪಿಕ್ ಸಂಸ್ಥೆ ಮದ್ದು ಸೇವಿಸಿದವರನ್ನು ಆಜೀವ ಒಲಿಂಪಿಕ್ಸ್‌ನಿಂದ ಹೊರಗಿಡುತ್ತಿತ್ತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಯಮ ವಿಶ್ವ ಸಂಹಿತೆಗೆ ವಿರುದ್ಧವೆಂದಿತು. ಆ ಸಂಹಿತೆಯಾದರೋ ಸಡಿಲವಾದುದಲ್ಲ. 2015ರಿಂದ ಉದ್ದೇಶಪೂರ್ವಕ ಸೇವನೆಗೆ ನಾಲ್ಕು ವರ್ಷ, ಅಂದರೆ ಓಟಗಾರರ ಉತ್ತಮ ಕಾಲದ ಬಹುಭಾಗ. ಮದ್ದು ಮಾರುವವರಿಗೂ ಚುಚ್ಚುವವರಿಗೂ ನಾಲ್ಕು ವರ್ಷದಿಂದ ಆಜೀವದವರೆಗೆ. ಅಪ್ರಾಪ್ತರನ್ನು ಸ್ಟೀರಾಯ್ಡ್‌ನಂತಹ ಮದ್ದಿಗೆ ಎಳೆದ ತರಬೇತುದಾರನಿಗೋ ವೈದ್ಯನಿಗೋ ಆಜೀವ ನಿಷೇಧವೇ ನಿಯಮ. ನಾವು ಒತ್ತಾಯಿಸಬೇಕಾದುದು ಹೊಸ ಶಿಕ್ಷೆಯನ್ನಲ್ಲ, ಈ ಕೊನೆಯ ಎರಡು ನಿಯಮಗಳ ಕಟ್ಟುನಿಟ್ಟಾದ ಜಾರಿಯನ್ನು. ಪ್ರತಿ ಪ್ರಕರಣದಲ್ಲೂ ತರಬೇತುದಾರ, ವೈದ್ಯ, ಮಾರಾಟಗಾರ ಯಾರೆಂಬ ತನಿಖೆ ನಡೆಯಲಿ, ಅದರ ಫಲ ಪ್ರಕಟವಾಗಲಿ. ಮೋಸದಿಂದ ಪಡೆದ ಬಹುಮಾನದ ಹಣ ವಸೂಲಾಗಿ ನಿಜವಾದ ವಿಜೇತರಿಗೆ ತಲುಪಲಿ.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳು ಪದಕಕ್ಕಾಗಿ ಓಡದಿರಬಹುದು, ಆದರೆ ಜಿಮ್‌ಗೆ ಹೋಗುತ್ತಾರೆ, ಶಾಲಾ ತಂಡದಲ್ಲಿ ಆಡುತ್ತಾರೆ, ಯಾರೋ ಹೇಳಿದ ಪುಡಿಯ ಡಬ್ಬಿಯನ್ನು ಮನೆಗೆ ತರುತ್ತಾರೆ. ಅದರ ದುಡ್ಡು ಕೊಡುವವರು ನಾವೇ. ಆ ಡಬ್ಬಿಯ ಮೇಲಿನ ಚೀಟಿಯನ್ನು ಓದಿ, ವೈದ್ಯರನ್ನು ಕೇಳಿ. ಸ್ಪರ್ಧೆಗಿಳಿಯುವ ಮಗುವಾದರೆ ಔಷಧಿಗಳನ್ನು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಪರಿಶೀಲಿಸಿ. ಕೊಟ್ಟವರು ಗುರುಗಳೇ ಆದರೂ ‘ಇದರಲ್ಲಿ ಏನಿದೆ ಸರ್?’ ಎಂದು ಕೇಳುವ ಧೈರ್ಯವನ್ನು ಮಕ್ಕಳಿಗೆ ಕಲಿಸಿ. 2011ರಲ್ಲಿ ಆರು ಮಂದಿಯಲ್ಲಿ ಒಬ್ಬರು ಆ ಪ್ರಶ್ನೆ ಕೇಳಿ ಪಟ್ಟು ಹಿಡಿದಿದ್ದರೆ, ಆರೂ ಮಂದಿ ಉಳಿಯುತ್ತಿದ್ದರೋ ಏನೋ.