ಸಭೆಯೊಳಗೆ ವಿದ್ಯಾರ್ಥಿ

ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ಶ್ರೇಣಿ ನೀಡುವ ನ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿ. ಅದು 2017ರಲ್ಲಿ ತನ್ನ ಮೌಲ್ಯಮಾಪನದ ಪದ್ಧತಿಯನ್ನು ಬದಲಿಸಿದಾಗ ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆ ಎಂಬುದನ್ನೂ ಸೇರಿಸಿತು. ಅದರ ಪ್ರಶ್ನಾವಳಿಯ ಮೊದಲನೇ ಪ್ರಶ್ನೆ ತೀರಾ ನೇರವಾದದ್ದು: ತರಗತಿಯಲ್ಲಿ ಪಠ್ಯಕ್ರಮ ಎಷ್ಟು ಮುಗಿಯಿತು? ಶೇಕಡಾ 85ರಿಂದ 100ರವರೆಗೆ ಎಂಬುದರಿಂದ ಹಿಡಿದು ಶೇಕಡಾ 30ಕ್ಕಿಂತ ಕಡಿಮೆ ಎಂಬುದರವರೆಗೆ ಐದು ಉತ್ತರಗಳಿರುತ್ತವೆ. ಅಧ್ಯಾಪಕರು ತಯಾರಿ ಮಾಡಿಕೊಂಡು ಬರುತ್ತಿದ್ದರೇ ಎಂಬಂಥ ಪ್ರಶ್ನೆಗಳೂ ಸೇರಿ ಒಟ್ಟು ಇಪ್ಪತ್ತು. ಇಪ್ಪತ್ತೊಂದನೆಯದರಲ್ಲಿ ಬೋಧನೆ ಸುಧಾರಿಸಲು ಮೂರು ಸಲಹೆ ಬರೆಯಬಹುದು. ಪಾಠ ಕೇಳಿದವರನ್ನೇ ಪಾಠದ ಬಗ್ಗೆ ಕೇಳುವ ಈ ಕ್ರಮ ಸರಿಯಾದದ್ದು. ಆದರೆ ಅಭಿಪ್ರಾಯ ಕೇಳುವುದು ಬೇರೆ, ತೀರ್ಮಾನದಲ್ಲಿ ಪಾಲು ಕೊಡುವುದು ಬೇರೆ. ನಮ್ಮ ವಿಶ್ವವಿದ್ಯಾಲಯಗಳು ಮೊದಲನೆಯದನ್ನು ಒಪ್ಪಿಕೊಂಡಿವೆ, ಎರಡನೆಯದಕ್ಕೆ ಇನ್ನೂ ಹಿಂಜರಿಯುತ್ತಿವೆ. ವಿದ್ಯಾರ್ಥಿ ಸಂಘದ ಪ್ರಶ್ನೆ ಹುಟ್ಟುವುದೇ ಈ ಎರಡರ ನಡುವಿನ ಅಂತರದಲ್ಲಿ.

ಹಿಂಜರಿಕೆ ಎಷ್ಟೆಂಬುದು ನಿಯಮಗಳನ್ನು ಓದಿದರೆ ಕಾಣುತ್ತದೆ. ಯಾವ ಸೆಮಿಸ್ಟರಿನಲ್ಲಿ ಯಾವ ಪತ್ರಿಕೆ, ಅದರಲ್ಲಿ ಯಾವ ಪಾಠ ಎಂಬುದನ್ನು ರೂಪಿಸುವುದು ಅಧ್ಯಯನ ಮಂಡಳಿ. ಸ್ವಾಯತ್ತ ಕಾಲೇಜುಗಳಲ್ಲಿ ಈ ಮಂಡಳಿ ಹೇಗಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೇಳಿದೆ: ವಿಭಾಗದ ಅಧ್ಯಾಪಕರು, ಹೊರಗಿನ ವಿಷಯ ತಜ್ಞರು, ಉದ್ಯಮದ ಕಡೆಯವರೊಬ್ಬರು, ಜೊತೆಗೆ ಪ್ರತಿಭಾವಂತ ಹಳೆಯ ವಿದ್ಯಾರ್ಥಿಯೊಬ್ಬರು. ಈಗ ಅದೇ ಪಾಠವನ್ನು ಓದುತ್ತಿರುವವರಿಗೆ ಅಲ್ಲಿ ಜಾಗವಿಲ್ಲ. ಕರ್ನಾಟಕದ ಪದವಿ ತರಗತಿಗಳಿಗೆ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ವ್ಯವಸ್ಥೆ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವ ನೀತಿ ಮೇಲು ಎಂಬ ಚರ್ಚೆ ಇಲ್ಲಿ ಬೇಡ. ಅಣ್ಣನಿಗೊಂದು ಪಠ್ಯಕ್ರಮ, ತಮ್ಮನಿಗೊಂದು ಪಠ್ಯಕ್ರಮ ಎಂಬಂತಾದ ಈ ಎರಡು ಬದಲಾವಣೆಗಳ ಭಾರ ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ಆದರೆ ಪಠ್ಯ ಬರೆಯುವ ಮಂಡಳಿಯಲ್ಲಿ ಅವರ ಪರವಾಗಿ ಮಾತಾಡುವ ಹಕ್ಕುಳ್ಳ ಸಹಪಾಠಿಯೊಬ್ಬ ಇರಲಿಲ್ಲ.

ಬೇರೆ ದಾರಿಯೂ ಉಂಟು ಎಂಬುದಕ್ಕೆ ಸ್ವೀಡನ್ ದೇಶವನ್ನು ನೋಡಬಹುದು. ಅಲ್ಲಿ ಕೋರ್ಸು ಮುಗಿದಾಗ ವಿದ್ಯಾರ್ಥಿಗಳ ಅನುಭವ ಕೇಳಲೇಬೇಕು. ಅಷ್ಟೇ ಅಲ್ಲ, ಬಂದ ಉತ್ತರಗಳನ್ನು ಕ್ರೋಡೀಕರಿಸಿ, ಅದರಿಂದ ಏನು ಕ್ರಮ ಕೈಗೊಂಡೆವು ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ನಮ್ಮಲ್ಲಿ ಬಹಳ ಕಡೆ ಕಡಿದು ಹೋಗುವ ಕೊಂಡಿ ಇದೇ: ನಮೂನೆ ತುಂಬಿಸಿಕೊಳ್ಳುತ್ತಾರೆ, ಮುಂದೇನಾಯಿತೆಂದು ತುಂಬಿದವರಿಗೆ ತಿಳಿಯುವುದಿಲ್ಲ. ಉತ್ತರ ಬಾರದ ಪ್ರಶ್ನಾವಳಿಯನ್ನು ಎರಡನೇ ಸಲ ಯಾರೂ ಮನಸ್ಸಿಟ್ಟು ತುಂಬುವುದಿಲ್ಲ. ಸ್ವೀಡನ್ನಿನ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ಶಿಕ್ಷಣಕ್ಕೆ ಸಂಬಂಧಿಸಿದ ತೀರ್ಮಾನ ಆಗುವಲ್ಲಿ ಮಾತ್ರವಲ್ಲ, ಅದರ ಕರಡು ಸಿದ್ಧವಾಗುವಲ್ಲಿಯೂ ಪ್ರತಿನಿಧಿಯನ್ನು ಹೊಂದುವ ಹಕ್ಕು ಅಲ್ಲಿನ ವಿದ್ಯಾರ್ಥಿಗಳಿಗಿದೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಅವರಿಗೆ ಮೂರು ಸ್ಥಾನ. ಈ ಪ್ರತಿನಿಧಿಗಳನ್ನು ಕಳಿಸುವುದು ವಿದ್ಯಾರ್ಥಿ ಸಂಘಗಳು. ಸಂಘದ ಸದಸ್ಯತ್ವ ಅಲ್ಲಿ ಹಿಂದೆ ಕಡ್ಡಾಯವಾಗಿತ್ತು, 2010ರ ಜುಲೈಯಲ್ಲಿ ಐಚ್ಛಿಕವಾಯಿತು. ಆದರೂ ಪ್ರತಿನಿಧಿತ್ವದ ಹಕ್ಕು ಹಾಗೆಯೇ ಉಳಿಯಿತು.

ಸರಿ, ಒಬ್ಬ ವಿದ್ಯಾರ್ಥಿಯನ್ನು ಕೂರಿಸಿದರಾಯಿತಲ್ಲ, ಅದಕ್ಕೆ ಸಂಘ, ಚುನಾವಣೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ನಿಯಮಗಳು ಹಿಡಿದಿರುವ ದಾರಿಯೂ ಅದೇ. ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಯುಜಿಸಿ 2023ರಲ್ಲಿ ತಂದ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿ ಇರುತ್ತಾನೆ ಅಥವಾ ಇರುತ್ತಾಳೆ, ಆದರೆ ವಿಶೇಷ ಆಹ್ವಾನಿತರಾಗಿ. ಓದಿನಲ್ಲೋ ಆಟೋಟದಲ್ಲೋ ಇತರ ಚಟುವಟಿಕೆಯಲ್ಲೋ ಮುಂದಿರುವವರನ್ನು ಸಂಸ್ಥೆಯೇ ನಾಮಕರಣ ಮಾಡುತ್ತದೆ. ರ‍್ಯಾಂಕ್ ಪಡೆದ ವಿದ್ಯಾರ್ಥಿನಿ ಬುದ್ಧಿವಂತೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಸ್ಟೆಲಿನ ನೀರಿನ ತೊಂದರೆ, ಮರುಮೌಲ್ಯಮಾಪನದ ಫಲಿತಾಂಶ ತಡವಾಗಿ ಪೂರಕ ಪರೀಕ್ಷೆ ತಪ್ಪಿದವರ ಪಾಡು ಅವರಿಗೆ ಗೊತ್ತಿರಲೇಬೇಕೆಂದಿಲ್ಲ. ಗೊತ್ತಿದ್ದರೂ, ಆರಿಸಿದವರ ಎದುರಿಗೇ ಕೂತು ಅವರದೇ ತಪ್ಪನ್ನು ಎತ್ತಿ ಹೇಳುವುದು ಹತ್ತೊಂಬತ್ತರ ಹರೆಯದಲ್ಲಿ ಸುಲಭವಲ್ಲ. ಗೆಳೆಯರ ಮತದಿಂದ ಬಂದವರು ಮರುದಿನ ತರಗತಿಯಲ್ಲಿ ಗೆಳೆಯರಿಗೆ ಉತ್ತರ ಹೇಳಬೇಕಾಗುತ್ತದೆ. ಮೇಲಿನಿಂದ ಬಂದವರಿಗೆ ಆ ಋಣ ಇರುವುದಿಲ್ಲ.

ಚುನಾವಣೆ ಎಂದೊಡನೆ ಹೊಡೆದಾಟ, ಹಣ, ಪಕ್ಷಗಳ ಕೈವಾಡ ನೆನಪಾಗುವುದು ಸಹಜ. ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ದಶಕಗಳಿಂದ ನಿಂತಿರುವುದರ ಹಿಂದೆಯೂ ಈ ಭಯವಿದೆ, ಅದು ಸುಳ್ಳು ಭಯವೂ ಅಲ್ಲ. ಈ ಸಮಸ್ಯೆಯನ್ನೇ ಮುಂದಿಟ್ಟುಕೊಂಡು ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಬೇಕೆಂದು ಅದೇ ವರ್ಷ ಸುಪ್ರೀಂ ಕೋರ್ಟ್ ಆದೇಶಿಸಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟುವಂತಿಲ್ಲ, ಶೇಕಡಾ 75 ಹಾಜರಾತಿ ಬೇಕು, ಆ ವರ್ಷ ಯಾವ ಪತ್ರಿಕೆಯೂ ಬಾಕಿ ಇರಬಾರದು, ಅಚ್ಚು ಹಾಕಿಸಿದ ಪೋಸ್ಟರು ಅಂಟಿಸುವಂತಿಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ನಿಲ್ಲಬಹುದು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಇನ್ನೊಂದು ಶಿಫಾರಸು. ವಾತಾವರಣ ಸರಿಯಿಲ್ಲದ ಕಡೆ ಸದ್ಯಕ್ಕೆ ನಾಮಕರಣ ನಡೆಯಲಿ, ಆದರೆ ಬರೀ ಅಂಕದ ಆಧಾರದ ಮೇಲೆ ಬೇಡ, ಐದು ವರ್ಷದೊಳಗೆ ಎಲ್ಲ ಸಂಸ್ಥೆಗಳೂ ಚುನಾವಣೆಗೆ ಬರಬೇಕು ಎಂದಿತ್ತು ಸಮಿತಿ. ಗಲಭೆಯ ಕಾರಣ ಕೊಟ್ಟು ಚುನಾವಣೆಯನ್ನು ಕಾಯಂ ಆಗಿ ಮುಚ್ಚಿಡಲು ಈ ವರದಿಯಲ್ಲಿ ಆಧಾರ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮೂರು ವರ್ಷ ಇದ್ದು ಹೋಗುವವರಿಗೆ ಪಠ್ಯದ ವಿಚಾರ ಏನು ಗೊತ್ತು? ರಸಾಯನಶಾಸ್ತ್ರದಲ್ಲಿ ಏನು ಕಲಿಸಬೇಕೆಂಬುದನ್ನು ರಸಾಯನಶಾಸ್ತ್ರ ಬಲ್ಲವರೇ ಹೇಳಬೇಕು, ನಿಜ. ಆದರೆ ಪ್ರಯೋಗಾಲಯದಲ್ಲಿ ಒಂದು ಉಪಕರಣಕ್ಕೆ ಎಷ್ಟು ಮಂದಿ ಕಾಯುತ್ತಾರೆ, ಆಂತರಿಕ ಪರೀಕ್ಷೆಗಳು ಒಂದೇ ವಾರದಲ್ಲಿ ಹೇಗೆ ಬಂದು ಬೀಳುತ್ತವೆ, ಕನ್ನಡ ಮಾಧ್ಯಮದಿಂದ ಬಂದವರು ಯಾವ ಅಧ್ಯಾಯದಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಬೆಂಚಿನ ಮೇಲೆ ಕೂತವರಿಗೇ ಚೆನ್ನಾಗಿ ಗೊತ್ತು. ಬೇಗ ಹೊರಟುಹೋಗುತ್ತಾರೆ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಸಂಘವೇ. ಸಭೆಯ ನಡಾವಳಿ, ಕೊಟ್ಟ ಮನವಿ, ಬಂದ ಉತ್ತರ ಎಲ್ಲವನ್ನೂ ಕಡತದಲ್ಲಿಟ್ಟು ಮುಂದಿನ ತಂಡಕ್ಕೆ ಒಪ್ಪಿಸುವ ಸಂಘಕ್ಕೆ ನೆನಪು ಇರುತ್ತದೆ. ವಾರ್ಷಿಕೋತ್ಸವಕ್ಕೆ ಮಾತ್ರ ಎಚ್ಚರವಾಗುವ ಸಂಘಕ್ಕೆ ಇರುವುದಿಲ್ಲ.

ಚುನಾವಣೆ ಬರುವ ತನಕ ಸುಮ್ಮನಿರಬೇಕೆಂದೇನೂ ಇಲ್ಲ. ಉತ್ತರಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯಿದೆಯಡಿ ಪರೀಕ್ಷೆ ಬರೆದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶದಲ್ಲಿ, ಅಂದರೆ ಐಕ್ಯೂಎಸಿಯಲ್ಲಿ, ವಿದ್ಯಾರ್ಥಿಗಳ ಕಡೆಯವರು ಇರಬೇಕೆಂದು ನ್ಯಾಕ್ ಹೇಳುತ್ತದೆ. ಕುಂದುಕೊರತೆ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದು ಸಮಾಧಾನ ತರದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿಗೆ ಹೋಗಬಹುದು. ನಿಮ್ಮ ಕಾಲೇಜಿನ ಐಕ್ಯೂಎಸಿಯಲ್ಲಿ ಕೂರುವ ವಿದ್ಯಾರ್ಥಿ ಯಾರು, ಕಳೆದ ಸಭೆಯಲ್ಲಿ ಅವರು ಎತ್ತಿದ ವಿಷಯ ಯಾವುದು ಎಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ. ತರಗತಿಯ ಪ್ರತಿನಿಧಿಗಳೆಲ್ಲ ಸಹಿ ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳಿ. ಮುಂದಿನ ವರ್ಷ ಆ ಜಾಗಕ್ಕೆ ಬರುವವರು ಅಲ್ಲಿಂದಲೇ ಕೆಲಸ ಶುರುಮಾಡಬಹುದು.