ಪರದೆಯ ಕೆಳಗಿನ ಪಾದಗಳು: ಕ್ಯಾಂಟನ್ನಿನ ಗೊಂಬೆಯಾಟಗಾರನ ಚಿತ್ರ

ದಕ್ಷಿಣ ಚೀನಾದ ಕ್ಯಾಂಟನ್, ಅಂದರೆ ಇಂದಿನ ಗುವಾಂಗ್‌ಝೌ ಬಂದರಿನಲ್ಲಿ ಪಾಶ್ಚಾತ್ಯ ಗಿರಾಕಿಗಳಿಗಾಗಿಯೇ ರಚಿತವಾದ ಜಲವರ್ಣಗಳನ್ನು ಕಲಾ ಇತಿಹಾಸಕಾರರು ‘ರಫ್ತು ಚಿತ್ರಕಲೆ’ ಎಂದು ಕರೆಯುತ್ತಾರೆ. 1757ರಿಂದ 1842ರವರೆಗೆ ಪಾಶ್ಚಾತ್ಯರ ಕಡಲ ವ್ಯಾಪಾರವು ಈ ಒಂದೇ ಬಂದರಿಗೆ ಸೀಮಿತವಾಗಿದ್ದು, ನಗರದ ಕೋಟೆಯೊಳಗೆ ಪ್ರವೇಶವಿಲ್ಲದ ವರ್ತಕರು ತಾವು ಕಾಣಲಾಗದ ಬೀದಿಗಳ ಬದುಕನ್ನು ಕಾಗದದ ಮೇಲೆ ಕೊಂಡು ಸ್ವದೇಶಕ್ಕೆ ಒಯ್ಯುತ್ತಿದ್ದರು.

ಇಂಥ ಚಿತ್ರಕಾರರಲ್ಲಿ ಪು ಕ್ವಾ ಎಂಬುವನ ಹೆಸರು ಉಳಿದುಬಂದಿದೆ. ಇಲ್ಲಿ ‘ಕ್ವಾ’ ಎಂಬುದು ಕನ್ನಡದ ‘ಅವರು’ ಎಂಬಂತೆ ಹೆಸರಿಗೆ ಸೇರುವ ಗೌರವಸೂಚಕ. ಬ್ರಿಟಿಷ್ ಸೇನಾಧಿಕಾರಿ ಜಾರ್ಜ್ ಹೆನ್ರಿ ಮೇಸನ್ 1800ರಲ್ಲಿ ಲಂಡನ್ನಿನಲ್ಲಿ ಹೊರತಂದ, ಚೀನಾದ ಉಡುಗೆಗಳನ್ನು ಕುರಿತ ಗ್ರಂಥದ 60 ಅಚ್ಚುಚಿತ್ರಗಳಿಗೆ ಈ ಶೈಲಿಯ ಜಲವರ್ಣಗಳೇ ಮೂಲ.

ಇಂಥ ಜಲವರ್ಣಗಳಲ್ಲಿ ಮೂಡಿದ ಕ್ಯಾಂಟನ್ನಿನ ಕಸುಬುದಾರರ ಸಾಲಿನಲ್ಲಿ ಗೊಂಬೆಯಾಟಗಾರನ ಚಿತ್ರವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಣ್ಣದೊಂದು ಪೀಠದ ಮೇಲೆ ನಿಂತ ಆತನನ್ನು ಬಣ್ಣದ ಬಟ್ಟೆಯೊಂದು ತಲೆಯಿಂದ ಹರಡಿನವರೆಗೂ ಮುಚ್ಚಿರುತ್ತದೆ, ತಲೆಯ ಮೇಲ್ಭಾಗದಲ್ಲಿ ಪೆಟ್ಟಿಗೆಯಾಕಾರದ ಪುಟ್ಟ ರಂಗಸ್ಥಳವಿದ್ದು ಅಲ್ಲಿ ಗೊಂಬೆಗಳು ಕಾಣಿಸಿಕೊಳ್ಳುತ್ತವೆ. ಇವು ಯಕ್ಷಗಾನದ ಸೂತ್ರದ ಗೊಂಬೆಗಳಂತೆ ದಾರದಿಂದ ಆಡುವಂಥವಲ್ಲ. ಕೈಗವಸಿನಂತೆ ತೊಟ್ಟು ಬೆರಳುಗಳಿಂದಲೇ ಕುಣಿಸುವ ಕೈಗೊಂಬೆಗಳು. ಎರಡೂ ಕೈ ಗೊಂಬೆಗಳಿಗೆ ಮೀಸಲಾಗಿ, ಎಲ್ಲ ಪಾತ್ರಗಳ ಮಾತೂ ಒಂದೇ ಬಾಯಿಂದ ಹೊರಡಬೇಕಾದ ಈ ಕಲೆಯನ್ನು ಚೀನೀಯರು ‘ಬಿಯೆನ್‌ದಾನ್ ಷಿ’, ಅಂದರೆ ಅಡ್ಡೆಯಾಟ ಎಂದು ಕರೆದರು. ಇಡೀ ರಂಗಭೂಮಿಯನ್ನು ಒಬ್ಬನೇ ಅಡ್ಡೆಯಲ್ಲಿ ಹೊತ್ತು ಬೀದಿ ಬೀದಿ ತಿರುಗುತ್ತಿದ್ದುದೇ ಆ ಹೆಸರಿಗೆ ಕಾರಣ.

ಕಸುಬುದಾರನ ಮುಖ, ಉಡುಗೆ, ಸಲಕರಣೆಗಳನ್ನು ತೋರಿಸುವುದೇ ಇಂಥ ಚಿತ್ರಮಾಲೆಗಳ ಉದ್ದೇಶವಾಗಿರುವಾಗ, ಇಲ್ಲಿ ಕಸುಬುದಾರನೇ ಮರೆಯಲ್ಲಿದ್ದಾನೆ ಎಂಬುದು ಅತ್ಯಂತ ಹೃದ್ಯವಾದ ಸಂಗತಿ. ಚಿತ್ರಕಾರನು ಪರದೆಯನ್ನು ಸರಿಸಿ ಮುಖ ತೋರಿಸುವ ಆಮಿಷಕ್ಕೆ ಒಳಗಾಗದೆ, ಕಸುಬಿನ ಮರ್ಯಾದೆಯನ್ನು ಕಾಪಾಡಿದ್ದಾನೆ. ಹಿನ್ನೆಲೆಯನ್ನು ಬಿಳಿಯಾಗಿಯೇ ಬಿಡುವ ವಾಡಿಕೆಯಿಂದಾಗಿ ಬೀದಿ, ಅಂಗಡಿಸಾಲು, ಕತ್ತೆತ್ತಿ ನೋಡುತ್ತಿದ್ದ ಮಕ್ಕಳ ಗುಂಪು ಎಲ್ಲವೂ ಇಲ್ಲಿ ಅಳಿಸಿಹೋಗಿವೆ, ಇದು ನಿಜಕ್ಕೂ ದೊಡ್ಡ ನಷ್ಟ. ಆದರೂ ಬಟ್ಟೆಯ ಅಂಚಿನ ಕೆಳಗೆ, ಪೀಠದ ಮೇಲೆ ಭದ್ರವಾಗಿ ಊರಿದ ಎರಡು ಪಾದಗಳಲ್ಲಿ, ಮೇಲೆ ನಡೆಯುತ್ತಿರುವ ಆಟದ ಭಾರವೆಲ್ಲ ಬಂದು ನಿಂತಿದೆ.