ಹೊಂಡದ ಪಾಚಿ ಅಳೆಯುವ ಉಪಕರಣ: ಅದನ್ನು ಸರಿಹೊಂದಿಸುವ ಕ್ರಮ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ರೈತರಿಗಾಗಿ ನೀಡಿದ ಭಾಷಣ)



2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಈ ಭಾಗದಲ್ಲಿ ಹಾಳೆ ಹಾಸಿದ ಕೃಷಿಹೊಂಡಗಳು ಹೆಚ್ಚಿದವು. ಇಂಡಿಯ ಲಿಂಬೆ ತೋಟಕ್ಕೆ ಬೇಸಿಗೆಯಲ್ಲಿ ಇಂಥ ನೀರು ದೊಡ್ಡ ಆಸರೆ. ನಿಂತ ನೀರು, ಸುಡುವ ಬಿಸಿಲು, ಜೊತೆಗೆ ಹೊಲದಿಂದ ಹರಿದು ಬಂದ ಸಾರಜನಕ ಮತ್ತು ರಂಜಕ. ಹಾವಸೆ ಬೆಳೆಯಲು ಇನ್ನೇನು ಬೇಕು? ಹನಿ ನೀರಾವರಿಯ ರಂಧ್ರ ಕಟ್ಟಿ ಗಿಡ ಬಾಡುವುದು ಒಂದು ನಷ್ಟ. ನೀಲಿ-ಹಸಿರು ಪಾಚಿ ವಿಷಕಾರಿಯಾಗಿದ್ದರೆ ಆ ನೀರು ಕುಡಿದ ದನಕರು ಸಾಯಲೂಬಹುದು.

ಪಾಚಿ ಅಳೆಯುವ ಉಪಕರಣವು ನೀರಿನಲ್ಲಿ ಸುಮಾರು 470 ನ್ಯಾನೋಮೀಟರಿನ ನೀಲಿ ಬೆಳಕು ಬಿಡುತ್ತದೆ. ಪಾಚಿಯೊಳಗಿನ ಪತ್ರಹರಿತ್ತು ಅದನ್ನು ಹೀರಿ, 685 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಹೊಳಪನ್ನು ಸೂಸುತ್ತದೆ. ಉಪಕರಣ ಅಳೆಯುವುದು ಈ ಹೊಳಪನ್ನು, ಪಾಚಿಯ ತೂಕವನ್ನಲ್ಲ. ಆದ್ದರಿಂದಲೇ ಸರಿಹೊಂದಿಸದೆ ಅದರ ಅಂಕಿಯನ್ನು ನಂಬಲಾಗದು.

ಮೊದಲು ಉಪಕರಣದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ, ಕಪ್ಪು ಬಣ್ಣದ ಪಾತ್ರೆಯಲ್ಲಿಟ್ಟು, ಅಂಕಿಯನ್ನು ಸೊನ್ನೆಗೆ ತರಬೇಕು. ಎರಡನೆಯ ಗುರುತಿಗೆ ರೋಡಮಿನ್ ಎಂಬ ಕೆಂಪು ಬಣ್ಣದ ತೆಳು ದ್ರಾವಣ ಬಳಸುತ್ತಾರೆ. ದ್ರಾವಣ ಬಿಸಿಯಾದಷ್ಟೂ ಅದರ ಹೊಳಪು ಕುಗ್ಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಹೊಂಡದ ದಡದಲ್ಲಿ ಈ ಕೆಲಸ ಮಾಡುವುದು ಬೇಡ. ನೆರಳಿನಲ್ಲಿ ಮಾಡಿ, ದ್ರಾವಣದ ಉಷ್ಣತೆಯನ್ನು ಅಳೆದು, ಉಪಕರಣದೊಂದಿಗೆ ಬರುವ ಕೋಷ್ಟಕದ ಅಂಕಿಯನ್ನೇ ಕೊಡಬೇಕು. ತೆಳು ದ್ರಾವಣವನ್ನು ಆಯಾ ದಿನವೇ ತಯಾರಿಸಿ, ಉಳಿದದ್ದನ್ನು ಚೆಲ್ಲಬೇಕು.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಬಣ್ಣದ ದ್ರಾವಣವು ಉಪಕರಣ ನೆಟ್ಟಗಿದೆಯೇ ಎಂದಷ್ಟೇ ತಿಳಿಸುತ್ತದೆ. ನಿಮ್ಮ ಹೊಂಡದ ಲೆಕ್ಕಕ್ಕೆ ನಿಮ್ಮ ಹೊಂಡದ ನೀರೇ ಬೇಕು. ಉಪಕರಣ ಇಳಿಸಿದ ಆಳದಿಂದಲೇ ನೀರು ತೆಗೆದು, ಬೆಳಕು ತಾಗದ ಬಾಟಲಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಅಲ್ಲಿ ನೀರನ್ನು ಸೋಸಿ, ಅಸಿಟೋನಿನಲ್ಲಿ ಪತ್ರಹರಿತ್ತನ್ನು ಬಿಡಿಸಿ, ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂದು ಅಳೆಯುತ್ತಾರೆ. ಪಾಚಿ ಕಡಿಮೆಯಿದ್ದ ದಿನ, ಹೆಚ್ಚಿದ್ದ ದಿನ ಹೀಗೆ ಹಲವು ಬಾರಿ ಹೋಲಿಸಿದರೆ ಮಾತ್ರ ಉಪಕರಣದ ಅಂಕಿಗೆ ಅರ್ಥ ಬರುತ್ತದೆ.

ನಡು ಮಧ್ಯಾಹ್ನದ ಬಿಸಿಲಿಗೆ ಪಾಚಿಯ ಹೊಳಪು ತಗ್ಗುವುದರಿಂದ ನಸುಕಿನಲ್ಲಿ ಅಳೆಯುವುದು ಲೇಸು. ಮಳೆ ಬಂದು ಎರೆಮಣ್ಣು ಕದಡಿದಾಗಿನ ಅಂಕಿಯನ್ನು ಬದಿಗಿಡಿ. ನೀಲಿ-ಹಸಿರು ಪಾಚಿ ನೀಲಿ ಬೆಳಕಿಗೆ ಸರಿಯಾಗಿ ಸಿಕ್ಕುವುದಿಲ್ಲ. ಅದರ ನೀಲಿ ವರ್ಣದ್ರವ್ಯವನ್ನು ಗುರುತಿಸುವ ಬೇರೆ ಸಂವೇದಕ ಬೇಕು.

ಒಬ್ಬ ರೈತ ಒಂದು ಹೊಂಡಕ್ಕಾಗಿ ಇದನ್ನು ಕೊಳ್ಳುವುದು ದುಬಾರಿ ಹವ್ಯಾಸವೇ ಸರಿ. ಹತ್ತಾರು ರೈತರು ಕೂಡಿ ಕೊಂಡರೆ ಸರಿ. ಉಳಿದವರಿಗೆ 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳಿ ಬಳಿದ ತಟ್ಟೆಯೊಂದು ಸಾಕು. ಅಳತೆಯ ಗಂಟು ಹಾಕಿದ ಹಗ್ಗ ಕಟ್ಟಿ ಇಳಿಸಿ, ಅದು ಕಾಣದಂತಾಗುವ ಆಳವನ್ನು ವಾರಕ್ಕೊಮ್ಮೆ ಬರೆದಿಡಿ. ನೀರು ಕದಡಿರದಿದ್ದರೂ ಆ ಆಳ ಕಡಿಮೆಯಾಗುತ್ತ ಬಂದರೆ ಪಾಚಿ ಹೆಚ್ಚುತ್ತಿದೆ ಎಂದರ್ಥ. ಮರಳಿನ ಸೋಸುಕವನ್ನು ಮೇಲಿಂದ ಮೇಲೆ ತೊಳೆಯಬೇಕು.

ಪಾಚಿ ಕಂಡ ಕೂಡಲೇ ಮೈಲುತುತ್ತ ಸುರಿಯುವವರಿಗೆ ಒಂದು ಮಾತು. ನೀಲಿ-ಹಸಿರು ಪಾಚಿಯ ಕೋಶಗಳು ಒಡೆದಾಗ ಒಳಗಿನ ವಿಷ ನೀರಿಗೆ ಸೇರುತ್ತದೆ. ನೀರು ತಿಳಿಯಾಗಿ ಕಂಡರೂ ದನಗಳನ್ನು ಅಲ್ಲಿಗೆ ಬಿಡಬೇಡಿರಿ.